ಎರಡನೆಯ ತಟ್ಟೆಯ ಕೇಕು

"ಆಂಟಿ, ನನ್ನ ಮಗಳನ್ನ ನಾನೇ ಸಾಯಿಸೋಕೆ ಹೋಗಿದ್ನಾ? ಅಷ್ಟು ಮಾತ್ರ ಹುಡುಕಿ ಹೇಳಿ. ಹೌದು ಅಂದ್ರೆ ಹೌದು ಅಂತಾನೇ ಹೇಳಿ. ತಡ್ಕೋತೀನಿ."

ಸೋಮವಾರ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ನಿಂತು ಹೀಗೆ ಕೇಳಿದವಳು ಮೂರನೆಯ ಮಹಡಿಯ ಶ್ವೇತಾ. ಆಸ್ಪತ್ರೆಯಿಂದ ನೇರವಾಗಿ ಬಂದಿದ್ದಳು. ಭಾನುವಾರ ತೊಟ್ಟಿದ್ದ ಹಸಿರು ಕುರ್ತಾ ಇನ್ನೂ ಮೈಮೇಲಿತ್ತು. ಅದರ ತೋಳಿನ ಮೇಲೆ ಚಾಕೊಲೇಟಿನ ಕಲೆಯೊಂದು ಒಣಗಿ ಕಪ್ಪಾಗಿತ್ತು.

ಸಿದ್ದಗಂಗಮ್ಮನವರು ಅವಳನ್ನು ಒಳಗೆ ಕರೆದು ಕೂರಿಸಿದರು. "ಮಗು ಹೇಗಿದೆ?" ಎಂದಷ್ಟೇ ಕೇಳಿದರು.

"ಉಸಿರಾಟ ಸರಿಹೋಗಿದೆ. ಮಧ್ಯಾಹ್ನ ಮನೆಗೆ ಕಳಿಸ್ತಾರಂತೆ."

"ಹಾಗಿದ್ರೆ ಕಾಫಿ ಕುಡಿ. ಆಮೇಲೆ ಮೊದಲಿಂದ ಹೇಳು."

ಸಿದ್ದಗಂಗಮ್ಮನವರು ಬಹುಕಾಲ ವಿಮಾ ಕಂಪನಿಯ ಸರ್ವೇಯರ್ ಆಗಿದ್ದವರು. ಸುಟ್ಟ ಗೋದಾಮು, ಹಳ್ಳಕ್ಕುರುಳಿದ ಲಾರಿ, ನೀರು ನುಗ್ಗಿದ ನೆಲಮಾಳಿಗೆ ಇಂಥ ಕಡೆಗೆಲ್ಲ ಎಲ್ಲವೂ ಮುಗಿದ ಮೇಲೆ ಹೋಗಿ, ಬೂದಿಯನ್ನು ಕೆದಕಿ, ಬೆಂಕಿ ಹೊತ್ತಿದ್ದು ಯಾವ ಮೂಲೆಯಲ್ಲಿ ಎಂದು ಹೇಳುವುದು ಅವರ ವೃತ್ತಿಯಾಗಿತ್ತು. ನಿವೃತ್ತಿಯ ನಂತರ ಬನಶಂಕರಿ ಮೂರನೆಯ ಹಂತದ ನಮ್ಮ ಶಿಶಿರ ಅಪಾರ್ಟ್‌ಮೆಂಟಿಗೆ ಅವರೇ ಖಾಯಂ ಪತ್ತೇದಾರರು. ಕಳುವಾದ ಸೈಕಲ್ಲಿನಿಂದ ಹಿಡಿದು ಸುಳ್ಳು ಉಯಿಲಿನವರೆಗೆ ಎಲ್ಲವೂ ಅವರ ಸೋಫಾದ ಮೇಲೆ ಬಂದು ಕೂರುತ್ತಿದ್ದವು. ನಾನು ಪ್ರಿಯಾಂಕಾ, ಊರು ಗದಗ. ಬಿಟಿಎಂನ ಕಚೇರಿಯೊಂದರಲ್ಲಿ ಕೆಲಸ, ಅವರ ಮನೆಯಲ್ಲಿ ಒಂದು ಕೋಣೆಯ ಬಾಡಿಗೆ. ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದೆ. ಅವರ ಬುದ್ಧಿ ಓಡುವ ದಾರಿಯನ್ನು ಹತ್ತಿರದಿಂದ ಕಂಡು ಅನೇಕ ಸಲ ಬೆರಗಾಗಿದ್ದೆ. ಆದರೆ ಆ ವಾರ ನಾನು ಕಂಡದ್ದಕ್ಕೆ ಬೆರಗು ಎಂಬ ಮಾತು ಸಾಲದು. ಏಕೆಂದರೆ ಈ ಪ್ರಕರಣದಲ್ಲಿ ಸುಳಿವುಗಳೆಲ್ಲ ನನ್ನ ಕಣ್ಣೆದುರಿಗೇ ನಡೆದುಹೋಗಿದ್ದವು. ಅಮ್ಮ ಆ ಜಾಗದಲ್ಲಿ ಇರಲೇ ಇಲ್ಲ, ಮೇಲೆ ಮನೆಯಲ್ಲಿದ್ದರು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಪದ್ಧತಿಯಿತ್ತು. ಒಂದೇ ತಿಂಗಳಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಸೇರಿಸಿ ಒಂದೇ ಹುಟ್ಟುಹಬ್ಬ, ಒಂದೇ ಕೇಕು. ಹಿಂದಿನ ತಿಂಗಳ ಕೇಕಿನ ಕ್ರೀಮು ಸೋಪಿನಂತಿತ್ತು ಎಂದು ಮಕ್ಕಳು ಮುಖ ಸಿಂಡರಿಸಿದ್ದವು. ಆದ್ದರಿಂದ ಈ ಸಲ ಸುತ್ತಲಿನ ನಾಲ್ಕು ಸೂಪರ್ ಮಾರ್ಕೆಟ್‌ಗಳ ಚಾಕೊಲೇಟ್ ಕೇಕುಗಳನ್ನು ತಂದು, ಯಾವುದು ಎಲ್ಲಿಯದೆಂದು ಯಾರಿಗೂ ಹೇಳದೆ, ಭಾನುವಾರ ರುಚಿ ನೋಡಿ ಆರಿಸುವುದೆಂದು ತೀರ್ಮಾನವಾಯಿತು. ಶ್ವೇತಾಳ ಮಗಳು ಶರ್ವಾಣಿಯ ಹುಟ್ಟುಹಬ್ಬವೂ ಅದೇ ತಿಂಗಳು. ಹೀಗಾಗಿ ಏರ್ಪಾಡಿನ ಭಾರವನ್ನು ಶ್ವೇತಾ ಹೊತ್ತಳು. ಜಯನಗರದಿಂದ ಒಂದು, ಉತ್ತರಹಳ್ಳಿ ರಸ್ತೆಯಿಂದ ಒಂದು, ಕನಕಪುರ ರಸ್ತೆಯಿಂದ ಎರಡು ಕೇಕು ತಂದಳು. ಮೇಲಿನ ಚೆರ್ರಿ, ಚಾಕೊಲೇಟ್ ಸುರುಳಿ, ಅಲಂಕಾರಗಳನ್ನೆಲ್ಲ ತೆಗೆದು, ಒಂದೇ ಅಳತೆಯ ಚೌಕಗಳಾಗಿ ಕತ್ತರಿಸಿ, ನಾಲ್ಕು ಸ್ಟೀಲ್ ತಟ್ಟೆಗಳಲ್ಲಿ ಒತ್ತಾಗಿ ಜೋಡಿಸಿ, ಮುಂದೆ ಸಂಖ್ಯೆಯ ಚೀಟಿ ಇಟ್ಟಳು. ನೋಡುವವರಿಗೆ ನಾಲ್ಕೂ ಒಂದೇ ಕೇಕಿನಂತಿದ್ದವು.

ಒಂದು, ಎರಡು, ಮೂರು ಮೊಟ್ಟೆಯಿಲ್ಲದ ಕೇಕುಗಳು. ನಾಲ್ಕನೆಯದರಲ್ಲಿ ಮೊಟ್ಟೆಯಿತ್ತು. ಸಂಘದ ಅಧ್ಯಕ್ಷರಾದ ಸೇತುರಾಮರು ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಅವರ ಆಜ್ಞೆಯಂತೆ ನಾಲ್ಕನೆಯ ತಟ್ಟೆಗೆ ಬೇರೆ ಮೇಜು, ಬೇರೆ ಚಾಕು. ಆ ಮೇಜು ಅಪಾರ್ಟ್‌ಮೆಂಟಿನ ಪಾರ್ಟಿ ಹಾಲಿನ ಕೊನೆಯ ಕಿಟಕಿಯ ಬಳಿ, ಉಳಿದ ಮೂರು ತಟ್ಟೆಗಳ ಮೇಜು ಬಾಗಿಲ ಬಳಿ.

"ನಾಲ್ಕನೇದರಲ್ಲಿ ಗೋಡಂಬಿ ಪುಡಿ ಇತ್ತು ಆಂಟಿ. ಡಬ್ಬದ ಮೇಲೆ ಬರೆದಿತ್ತು," ಎಂದಳು ಶ್ವೇತಾ. "ಶರ್ವಾಣಿಗೆ ಗೋಡಂಬಿ ಆಗಲ್ಲ, ಎಲ್ಲರಿಗೂ ಗೊತ್ತು. ಆ ಮೇಜಿನ ಹತ್ರಾನೇ ಹೋಗ್ಬೇಡ ಅಂದಿದ್ದೆ. ಅವಳು ಹೋಗ್ಲೂ ಇಲ್ಲ. ಎರಡನೇ ತಟ್ಟೆಯಿಂದ ಒಂದೇ ಒಂದು ಪೀಸ್ ತಗೊಂಡ್ಳು. ಅರ್ಧ ತಿಂದಿರಲಿಲ್ಲ, ತುಟಿ ಊದ್ಕೊಳ್ತು."

ಆ ದೃಶ್ಯ ನನಗೆ ಚೆನ್ನಾಗಿ ನೆನಪಿತ್ತು. ಮಗುವಿನ ಎದೆಯಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಕೊರಿಯರ್ ಕಂಪನಿಯಲ್ಲಿರುವ ನೆಲಮಹಡಿಯ ಹೊಳೆಪ್ಪ ಮಗುವನ್ನೂ ತಾಯಿಯನ್ನೂ ತನ್ನ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟಿದ್ದ. ಆಂಬುಲೆನ್ಸಿಗೆ ಕಾದಿದ್ದರೆ ಏನಾಗುತ್ತಿತ್ತೋ ಎಂದು ವೈದ್ಯರು ಹೇಳಿದರಂತೆ.

"ಎರಡನೇ ಕೇಕಿನ ಡಬ್ಬ?"

"ಎಲ್ಲಾ ಕಸದ ಗಾಡಿಗೆ ಹೋಯ್ತು. ಬೆಳಿಗ್ಗೆ ಬರೋ ದಾರೀಲಿ ಅದೇ ಅಂಗಡಿಗೆ ಹೋಗಿ ಅದೇ ಕೇಕ್ ನೋಡ್ದೆ. ಗೋಡಂಬಿ ಇಲ್ಲ. ಡಾಕ್ಟರು ಗೋಡಂಬೀನೇ ಅಂತಾರೆ. ಹಾಗಿದ್ರೆ ಉಳಿದಿದ್ದು ನಾನು, ನನ್ನ ಚಾಕು." ಅವಳ ದನಿ ಇಳಿಯಿತು. "ಶುಕ್ರವಾರ ಫ್ಯಾಮಿಲಿ ಕೋರ್ಟಿನಲ್ಲಿ ಹಿಯರಿಂಗ್ ಇದೆ. ಮಗಳು ತನ್ನ ಹತ್ರಾನೇ ಇರ್ಬೇಕು ಅಂತ ಅವರಪ್ಪ ಕೇಳ್ತಿದ್ದಾರೆ. ನಿನ್ನೆ ಆಸ್ಪತ್ರೆಗೆ ಬಂದು, ಇದನ್ನೇ ಜಡ್ಜ್ ಮುಂದೆ ಹೇಳ್ತೀನಿ ಅಂದ್ರು. ತಾಯಿ ಕೈಯಾರೆ ವಿಷ ಕೊಟ್ಟಳು ಅಂತ. ಆಂಟಿ, ನಾನು ನಿಜವಾಗ್ಲೂ ಅಜಾಗ್ರತೆ ಮಾಡಿದ್ದರೆ ಅವಳು ಅವರ ಹತ್ರಾನೇ ಇರ್ಲಿ. ಅದು ಗೊತ್ತಾಗ್ಬೇಕು ನನಗೆ."

ಅಮ್ಮ ಖಾಲಿಯಾದ ಕಾಫಿ ಲೋಟವನ್ನು ಅವಳ ಕೈಯಿಂದ ತೆಗೆದುಕೊಂಡರು. "ಗುರುವಾರದೊಳಗೆ ಹೇಳ್ತೀನಿ," ಎಂದರು.

ಶ್ವೇತಾ ಹೋದ ಕೂಡಲೇ ನಾವು ಹಾಲಿಗೆ ಇಳಿದೆವು. ಹಾಲನ್ನು ಯಾರೂ ಇನ್ನೂ ಗುಡಿಸಿರಲಿಲ್ಲ. ಅಮ್ಮ ಮೇಜುಗಳ ಬಳಿ ಸುಳಿಯಲೂ ಇಲ್ಲ. ಬಾಗಿಲ ಹಿಂದೆ ನಿಂತು, ಕನ್ನಡಕ ಸರಿಮಾಡಿಕೊಂಡು, ಒಳಗಿನ ಚಿಲಕವನ್ನು ನೋಡುತ್ತ ನಿಂತರು. ಅದರ ಹಿಡಿಯ ಮೇಲೆ ಚಾಕೊಲೇಟು ಒಣಗಿ ಅಂಟಿತ್ತು.

"ಯಾವುದೋ ಮಗುವಿನ ಕೈ ತಾಗಿರಬೇಕಮ್ಮ," ಎಂದೆ.

"ಇಷ್ಟು ಎತ್ತರಕ್ಕಾ?" ಎಂದರು ಅಮ್ಮ.

ನನ್ನ ಅನುಮಾನವಿದ್ದದ್ದು ಭಾರ್ಗವಿಯ ಮೇಲೆ. ಎರಡನೆಯ ಮಹಡಿಯ ಭಾರ್ಗವಿ ಮನೆಯಲ್ಲೇ ಕೇಕು ಮಾಡಿ ಮಾರುತ್ತಿದ್ದಳು. ತನ್ನನ್ನು ಬಿಟ್ಟು ಅಂಗಡಿಯ ಕೇಕಿಗೆ ಹೋದದ್ದಕ್ಕೆ ಅವಳಿಗೆ ಸಿಟ್ಟಿತ್ತು. "ಫ್ರಿಜ್ಜಲ್ಲಿ ವಾರಗಟ್ಟಲೆ ಕೂತಿರೋ ಕೇಕ್ ತಿಂದು ಯಾರಾದ್ರೂ ಆಸ್ಪತ್ರೆ ಸೇರಲಿ, ಆಗ ಬುದ್ಧಿ ಬರುತ್ತೆ," ಎಂದು ಹಿಂದಿನ ವಾರವಷ್ಟೇ ಲಿಫ್ಟಿನಲ್ಲಿ ಅಂದಿದ್ದಳು. ಅವಳ ಅಡುಗೆಮನೆಯಲ್ಲಿ ಗೋಡಂಬಿಗೂ ಕೊರತೆಯಿರಲಿಲ್ಲ.

ನಮ್ಮನ್ನು ಕಂಡೊಡನೆ ಅವಳೇ ಶುರುಮಾಡಿದಳು. "ಬನ್ನಿ ಆಂಟಿ. ನೀವಿನ್ನೂ ಯಾಕೆ ಬಂದಿಲ್ಲ ಅಂತಿದ್ದೆ. ನಾಲಿಗೆ ಉದ್ದ ಇರೋರಿಗೆ ಇದೇ ಗತಿ."

"ನಾಲಿಗೆ ವಿಷಯ ಇರಲಿ. ನಿನ್ನೆ ಹಾಲಿಗೆ ಯಾವಾಗ ಹೋದೆ?"

"ಎಲ್ಲರೂ ಬರೋಕ್ಕಿಂತ ಸ್ವಲ್ಪ ಮುಂಚೆ. ಪೇಪರ್ ಪ್ಲೇಟ್ ಇಡೋಕೆ. ಬಾಗಿಲು ಒಳಗಿಂದ ಹಾಕಿತ್ತು. ತಟ್ಟಿದೆ. ಅಧ್ಯಕ್ಷರು ಸ್ವಲ್ಪ ತಡೆದು ತೆಗೆದ್ರು. ಮಕ್ಕಳು ನುಗ್ತಾರೆ ಅಂತ ಚಿಲಕ ಹಾಕ್ಕೊಂಡು ಕಾವಲು ಕೂತಿದ್ರಂತೆ."

"ಆಮೇಲೆ ನೀನೊಬ್ಬಳೇ ಇದ್ಯಾ?"

"ಎಲ್ಲಿ ಬಿಟ್ರು? ನಾನು ಪ್ಲೇಟ್ ಇಟ್ಟು ಮುಗಿಸೋವರೆಗೂ ಸೇತುರಾಮ್ ಸಾರ್ ಬಾಗಿಲ ಹತ್ರಾನೇ ನಿಂತಿದ್ರು, ಯಾವಾಗ ಹೋಗ್ತಾಳೋ ಅನ್ನೋ ಥರ. ಅಷ್ಟರಲ್ಲಿ ಜನ ಬಂದ್ರು. ಆಂಟಿ, ನಾನು ಮಾತಾಡ್ತೀನಿ ನಿಜ. ಆ ಮಗೂಗೆ ಗೋಡಂಬಿ ಇಲ್ಲದ ಬಿಸ್ಕತ್ತನ್ನ ಬೇರೆ ಪಾತ್ರೆಯಲ್ಲಿ ಮಾಡಿ ಕೊಡೋಳು ನಾನೇ. ಶ್ವೇತಾನ್ನ ಕೇಳಿ."

ಮುಂದಿನ ಭೇಟಿ ಸೇತುರಾಮರ ಮನೆ. ದೇವರ ಕೋಣೆಯಿಂದ ಊದುಬತ್ತಿಯ ವಾಸನೆ ಬರುತ್ತಿತ್ತು. ಅವರ ಹೆಂಡತಿ ವಿಮಲಮ್ಮ ಅವರೆಕಾಳು ಬಿಡಿಸುತ್ತ ಕುಳಿತಿದ್ದರು. ಚಾಕುವಿನ ಮಾತು ಬಂದದ್ದೇ ಅವರು ಖಂಡಿತವಾದ ದನಿಯಲ್ಲಿ ಹೇಳಿದರು.

"ಚಾಕುವಿನಿಂದ ಆಗಿರೋಕೆ ಸಾಧ್ಯವೇ ಇಲ್ಲ. ಶ್ವೇತಾ ಮನೇಲಿ ಕತ್ತರಿಸುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಮೊಟ್ಟೆ ಇಲ್ಲದ ಮೂರನ್ನೂ ಮೊದಲು ಮುಗಿಸಿ, ತಟ್ಟೆ ಆಚೆ ಇಟ್ಟು, ಆಮೇಲೆ ಬಾಲ್ಕನಿಯಲ್ಲಿ ಬೇರೆ ಚಾಕು, ಬೇರೆ ಮಣೆ. ನಮ್ಮ ಮನೆಯವರ ಕಟ್ಟಪ್ಪಣೆ ಅಲ್ವಾ?"

ಸೇತುರಾಮರು ಕಿಟಕಿಯ ಕಡೆ ನೋಡುತ್ತಿದ್ದರು. ಮುಖ ಒಂದೇ ದಿನದಲ್ಲಿ ಇಳಿದುಹೋಗಿತ್ತು. "ಆ ಹುಡುಗಿ ಮೇಲೆ ತಪ್ಪು ಹೊರಿಸಬೇಡಿ ಮೇಡಂ. ಏನೋ ಗ್ರಹಚಾರ ಅಂದ್ಕೊಂಡು ಬಿಟ್ಬಿಡೋಣ."

"ಕೋರ್ಟಿನವರು ಗ್ರಹಚಾರ ಅಂತ ಬರ್ಕೊಳಲ್ಲ ಸಾರ್," ಎಂದರು ಅಮ್ಮ. ನಂತರ ಮಾತು ತಿರುಗಿಸಿದರು. "ಅಂದ ಹಾಗೆ, ಯಾವ ಕೇಕ್ ಗೆಲ್ತಿತ್ತು ಅನ್ಸುತ್ತೆ ನಿಮಗೆ?"

ಅವರು ಸ್ವಲ್ಪ ಹಗುರಾದಂತೆ ಕಂಡಿತು. "ಒಂದು ಪರವಾಗಿಲ್ಲ. ಮೂರರಲ್ಲಿ ಸಕ್ಕರೆ ಜಾಸ್ತಿ, ಕೋಕೋ ಕಹಿ ಹೊರಗೇ ಬರಲ್ಲ. ನಾಲ್ಕನೇದು ಆ ಕನಕಪುರ ರಸ್ತೆಯದು... ಇತ್ತೀಚೆಗೆ ಮೇಲಿನ ಪದರ ತೆಳು ಮಾಡ್ಬಿಟ್ಟಿದ್ದಾರೆ, ಒಳಗಿನ ತೇವ ಮಾತ್ರ ಹಾಗೇ ಇದೆ."

"ಎರಡನೇದು?"

"ಅದು ನಾನು ನೋಡ್ಲಿಲ್ಲ."

ವಿಮಲಮ್ಮನ ಬೆರಳು ಅವರೆಕಾಯಿಯ ಮೇಲೆ ಒಂದು ಕ್ಷಣ ನಿಂತು ಮತ್ತೆ ಚಲಿಸಿತು. ನಾನು ಅದನ್ನು ಕಂಡೆ, ಅರ್ಥಮಾಡಿಕೊಳ್ಳಲಿಲ್ಲ.

ಸಂಜೆ ಹೊಳೆಪ್ಪ ಸಿಕ್ಕ. ಅಮ್ಮ ಅವನನ್ನು ಯಾರು ಎಲ್ಲಿ ನಿಂತಿದ್ದರು ಎಂದು ಕೇಳಲಿಲ್ಲ. ಕೇಕು ಹೇಗಿತ್ತು ಎಂದು ಕೇಳಿದರು.

"ಖರೆ ಹೇಳ್ಲೇನ್ರೀ? ನಾ ನಾಲ್ಕನೇದರಾಗ ಎರಡು ತಿಂದೆ. ಮೊದಲನೇದು ಹತ್ತಿ ಇದ್ದಂಗ, ಬಾಯಾಗ ಇಟ್ಟರ ಇಲ್ಲ. ಅದಕ್ಕ ಆಸೆ ಬಿದ್ದು ಇನ್ನೊಂದು ತಗೊಂಡೆ. ಅದು ಒಜ್ಜಿ, ಭಾರ, ಪುಡಿಪುಡಿ, ಗಂಟಲಿಗೆ ಹತ್ತಿತು. ಒಂದೇ ತಾಟು, ಒಂದೇ ಕೇಕು. ನನ್ನ ನಸೀಬ ನೋಡ್ರಿ."

"ಸೇತುರಾಮ್ ಸಾರ್ ಏನು ತಿಂದ್ರು?"

ಹೊಳೆಪ್ಪ ನಕ್ಕ. "ಅವರಾ? ಟ್ಯಾಂಕರ್ ಬಂತಲ್ರಿ, ಸಂಪಿಗೆ ನೀರು ಬಿಡಿಸಾಕ ಓಡಿದ್ರು. ನಾ ಬರೂತನಕ ಯಾರೂ ಮುಟ್ಟಬ್ಯಾಡ್ರಿ ಅಂತ ಒದರಿಕೋತ ಹೋದ್ರು. ಹುಡುಗರು ಕೇಳ್ತಾವೇನ್ರೀ? ತಿರುಗಿ ಬಂದು ಎರಡನೇ ತಾಟಿನ ಮುಂದ ನಿಂತು ನೋಡೇ ನೋಡಿದ್ರು. ಏನು ಸಾರ್, ಹೆಣ್ಣು ನೋಡಾಕ ಬಂದೀರೇನು ಅಂತ ಚಾಷ್ಟಿ ಮಾಡಿದೆ. ಒಂದು, ಮೂರರಾಗ ರುಚಿ ನೋಡಿದ್ರು, ಕಡೀಕ ಅದರಾಗ ಮಾತ್ರ ಒಂದೂ ತಗೋಲಿಲ್ಲ ಮನಷಾ."

ಅವನು ಹಾಗೆ ಚೇಷ್ಟೆ ಮಾಡಿದಾಗ ಪಕ್ಕದಲ್ಲಿದ್ದು ನಕ್ಕವಳು ನಾನೇ.

ಕೊನೆಯ ಸಾಕ್ಷಿ ಶರ್ವಾಣಿ. ಆಸ್ಪತ್ರೆಯ ಪಟ್ಟಿ ಇನ್ನೂ ಮುಂಗೈಯಲ್ಲಿತ್ತು. ತಾಯಿಯ ತೊಡೆಯ ಮೇಲೆ ಕುಳಿತು ಗೊಂಬೆಗೆ ಇಂಜೆಕ್ಷನ್ ಕೊಡುತ್ತಿದ್ದಳು.

"ಪುಟ್ಟಿ, ತಟ್ಟೇಲಿ ಅಷ್ಟೊಂದು ಪೀಸ್ ಇತ್ತಲ್ಲ, ನೀನು ಯಾವುದು ತಗೊಂಡೆ?"

"ಹಿಂದೆ ಮೂಲೇದು."

"ಮುಂದೇನೇ ಇತ್ತಲ್ಲ, ಅಷ್ಟು ದೂರ ಯಾಕೆ ಕೈ ಚಾಚಿದೆ?"

ಶರ್ವಾಣಿ ಇದೆಂಥ ಪ್ರಶ್ನೆ ಎಂಬಂತೆ ಅಜ್ಜಿಯ ವಯಸ್ಸಿನ ಅಮ್ಮನನ್ನು ನೋಡಿದಳು. "ಅದೇ ಎಲ್ಲಕ್ಕಿಂತ ಎತ್ತರ ಇತ್ತಲ್ಲ."

ಮೆಟ್ಟಿಲಿಳಿಯುವಾಗ ಅಮ್ಮ ಮಧ್ಯದಲ್ಲಿ ನಿಂತು ಕಂಬಿ ಹಿಡಿದುಕೊಂಡರು. "ಮುಗೀತು ಪ್ರಿಯಾಂಕಾ. ಇನ್ನು ನಾಲ್ಕು ಕೇಕು ತರಬೇಕು, ಅಷ್ಟೇ."

ಬುಧವಾರ ಸಂಜೆ ಅದೇ ಹಾಲಿನಲ್ಲಿ ಎಲ್ಲರೂ ಸೇರಿದರು. ಅದೇ ಎರಡು ಮೇಜು, ಅದೇ ನಾಲ್ಕು ತಟ್ಟೆ. ಅದೇ ಅಂಗಡಿಗಳಿಂದ ನಾನು ತಂದಿದ್ದ ಅವೇ ಕೇಕುಗಳನ್ನು ವಿಮಲಮ್ಮನ ಎದುರಿನಲ್ಲೇ, ಅಂದಿನ ಕ್ರಮದಲ್ಲೇ ಕತ್ತರಿಸಲಾಗಿತ್ತು. ಶರ್ವಾಣಿಯನ್ನು ಮಾತ್ರ ಮೇಲೆ ಪಕ್ಕದ ಮನೆಯಲ್ಲಿ ಬಿಟ್ಟಿದ್ದೆವು. ಶ್ವೇತಾ ಗೋಡೆಗೊರಗಿ ನಿಂತಿದ್ದಳು. ಕೂರು ಎಂದರೂ ಕೂರಲಿಲ್ಲ. ಸೇತುರಾಮರು ಮುಂದಿನ ಸಾಲಿನಲ್ಲಿ ಮಂಡಿಯ ಮೇಲೆ ಕೈಯಿಟ್ಟು ಕುಳಿತಿದ್ದರು.

"ಭಾನುವಾರ ನಾವು ಇಲ್ಲಿ ಕೇಕು ಹೋಲಿಸೋಕೆ ಸೇರಿದ್ವಿ," ಎಂದು ಅಮ್ಮ ಶುರುಮಾಡಿದರು. "ಆ ಕೆಲಸ ಅರ್ಧಕ್ಕೆ ನಿಂತಿತು. ಅದನ್ನ ಮುಗಿಸಿದ್ರೆ ಎಲ್ಲಾ ಗೊತ್ತಾಗುತ್ತೆ. ಹೊಳೆಪ್ಪ, ಕಣ್ಣು ಮುಚ್ಚಿ ಕೂತ್ಕೊ."

ಹೊಳೆಪ್ಪನ ಕಣ್ಣಿಗೆ ದುಪಟ್ಟಾ ಕಟ್ಟಿದೆವು. ನಾನು ಒಂದೊಂದೇ ತುಂಡನ್ನು ಅವನ ಅಂಗೈಗೆ ಕೊಟ್ಟೆ. ಮೂರನೆಯ ತಟ್ಟೆಯದು ಬಾಯಿಗೆ ಹೋಗುತ್ತಲೇ ತಲೆಯಾಡಿಸಿದ. "ಇದು ಬರೇ ಸಕ್ರಿ." ನಾಲ್ಕನೆಯದಕ್ಕೆ ಮುಖ ಅರಳಿತು. "ಹಾಂ, ಇದು ನಾ ಮೊದಲು ತಿಂದಿದ್ದು. ಹತ್ತಿ." ಒಂದನೆಯದು ಅಲ್ಲ ಎಂದ. ಎರಡನೆಯ ತಟ್ಟೆಯ ತುಂಡನ್ನು ಅಗಿದವನು ನಿಧಾನವಾಗಿ ದುಪಟ್ಟಾ ಸರಿಸಿದ. "ಇದೇ ರೀ. ಗಂಟಲಿಗೆ ಹತ್ತಿದ್ದು ಇದೇ. ಆದರ ಇದನ್ನ ನಾ ಆ ಕಿಟಕಿ ಮೇಜಿನ ಮ್ಯಾಲಿಂದ ತಗೊಂಡಿದ್ದೆ."

ಹಾಲಿನಲ್ಲಿ ಗುಸುಗುಸು ಎದ್ದಿತು. ಅಮ್ಮ ಕೈಯೆತ್ತಿದರು.

"ಮೊಟ್ಟೆ ಹಾಕಿದ ಕೇಕು ಉಬ್ಬುತ್ತೆ, ಹಗುರಾಗುತ್ತೆ. ಮೊಟ್ಟೆ ಇಲ್ಲದ್ದು ಒತ್ತಾಗಿ, ತಗ್ಗಾಗಿ ಉಳಿಯುತ್ತೆ. ಹೊಳೆಪ್ಪ ನಾಲ್ಕನೇ ತಟ್ಟೆಯಿಂದ ತಿಂದ ಎರಡನೇ ಪೀಸು ಎರಡನೇ ಕೇಕಿನದು. ಅಂದ್ರೆ ಯಾರೋ ಒಂದು ಪೀಸನ್ನ ಇಲ್ಲಿಂದ ಅಲ್ಲಿಗೆ ಸಾಗಿಸಿದ್ರು. ಹಾಗಿದ್ರೆ ಅಲ್ಲಿಂದ ಇಲ್ಲಿಗೆ ಬಂದಿದ್ದು ಎಲ್ಲಿ? ಎರಡನೇ ತಟ್ಟೆಯ ಹಿಂದಿನ ಮೂಲೇಲಿ, ಉಳಿದ ಎಲ್ಲಕ್ಕಿಂತ ಎತ್ತರವಾಗಿ ನಿಂತಿತ್ತು. ದೊಡ್ಡೋರು ಯಾರೂ ನೋಡಲಿಲ್ಲ. ಮಗು ನೋಡ್ತು. ಮಕ್ಕಳು ದೊಡ್ಡದನ್ನೇ ತಾನೇ ಆರಿಸೋದು? ಶರ್ವಾಣಿ ತಿಂದಿದ್ದು ನಾಲ್ಕನೇ ಕೇಕು, ಗೋಡಂಬಿ ಕೇಕು."

ಶ್ವೇತಾಳ ಬೆನ್ನು ಗೋಡೆಯಿಂದ ಬೇರ್ಪಟ್ಟಿತು.

"ಮಗೂಗೆ ಕೇಡು ಮಾಡೋಕೆ ಇಟ್ಟಿದ್ರಾ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಇಲ್ಲ. ಅಷ್ಟು ಪೀಸಿನಲ್ಲಿ ಅವಳು ಅದನ್ನೇ ತಗೋತಾಳೆ ಅಂತ ಯಾರಿಗೆ ಗೊತ್ತಿತ್ತು? ಕೇಡು ಬಯಸೋರು ಒಂದನ್ನ ತಂದಿಟ್ಟು ಹೋಗ್ತಾರೆ. ಅಲ್ಲಿ ಖಾಲಿಯಾದ ಜಾಗಕ್ಕೆ ಇನ್ನೊಂದನ್ನ ಹಾಕಿ ಅಚ್ಚುಕಟ್ಟಾಗಿ ತುಂಬಿಸಲ್ಲ. ತುಂಬಿಸಿದ್ದಾರೆ ಅಂದ್ರೆ, ಮೊಟ್ಟೆ ಕೇಕಿನಲ್ಲಿ ಒಂದು ಕಮ್ಮಿ ಆಗಿದ್ದು ಯಾರಿಗೂ ಕಾಣಬಾರದು ಅನ್ನೋ ಆಸೆ. ಅದನ್ನ ಯಾರು ತಿಂದ್ರು ಅಂತ ಯಾರೂ ಕೇಳಬಾರದು ಅನ್ನೋ ಭಯ. ಇದು ದ್ವೇಷ ಅಲ್ಲ, ಬಾಯಿಚಪಲ. ಅದೂ ನಾಲ್ಕು ಜನರೆದುರು ಆ ಮೇಜಿನ ಹತ್ರ ಹೋಗೋಕೆ ಆಗದವರದ್ದು."

ಎಲ್ಲರೂ ಗೋಡಂಬಿಯನ್ನು ಹುಡುಕುತ್ತಿದ್ದಾಗ ಈ ಹೆಂಗಸು ಒಂದು ನಾಚಿಕೆಯನ್ನು ಹುಡುಕುತ್ತಿದ್ದರು.

"ತಟ್ಟೆ ಜೋಡಿಸಿದ ಮೇಲೆ ಇಲ್ಲಿ ಒಬ್ಬಂಟಿಯಾಗಿದ್ದವರು ಒಬ್ಬರೇ," ಎಂದು ಅಮ್ಮ ಮುಂದುವರಿಸಿದರು. "ಶ್ವೇತಾ, ವಿಮಲಾ ಇಬ್ಬರೂ ಜೊತೇಲೇ ಬಂದು ಜೊತೇಲೇ ಹೋದ್ರು. ಭಾರ್ಗವಿ ಬಂದಾಗ ಇನ್ನೊಬ್ಬರು ಎದುರಿಗೇ ಇದ್ರು. ಈ ಬಾಗಿಲ ಚಿಲಕದ ಮೇಲೆ ಚಾಕೊಲೇಟು ಅಂಟಿದೆ, ಹೋಗಿ ನೋಡಿ. ಆ ದಿನ ಒಳಗಿಂದ ಚಿಲಕ ಹಾಕಿದ್ದು ಒಂದೇ ಸಲ, ಭಾರ್ಗವಿ ಬಾಗಿಲು ತಟ್ಟೋಕೆ ಮುಂಚೆ. ಆಗಿನ್ನೂ ಯಾರೂ ಕೇಕು ಮುಟ್ಟಿರಲಿಲ್ಲ. ಆದ್ರೂ ಚಿಲಕ ತೆಗೆದ ಬೆರಳಿಗೆ ಚಾಕೊಲೇಟಿತ್ತು. ನಡೆದಿದ್ದು ಇಷ್ಟು. ಅವರು ಕಿಟಕಿ ಮೇಜಿಂದ ಒಂದು ಪೀಸು ತೆಗೆದ್ರು. ಆ ಜಾಗಕ್ಕೆ ಎರಡನೇ ತಟ್ಟೆಯಿಂದ ಒಂದನ್ನ ತಂದು ತುಂಬಿದ್ರು. ಎರಡನೇದರಲ್ಲಿ ಒಂದು ಕಮ್ಮಿ ಆದ್ರೆ ನನ್ನ ಪಾಲಿಂದು ಅನ್ನಬಹುದಿತ್ತು. ಇನ್ನೇನು ಬಾಯಿಗೆ ಇಡಬೇಕು, ಬಾಗಿಲು ತಟ್ಟಿದ ಸದ್ದು. ಕೈಯಲ್ಲಿರೋದನ್ನ ಎಲ್ಲಿಡೋದು? ಬಾಗಿಲಿಗೆ ಹೋಗೋ ದಾರೀಲೇ ಎರಡನೇ ತಟ್ಟೆ, ಅದರಲ್ಲಿ ಒಂದು ಖಾಲಿ ಜಾಗ. ಅಲ್ಲಿಟ್ಟು ಚಿಲಕ ತೆಗೆದ್ರು. ಆಮೇಲೆ ಎಲ್ಲರಿಗಿಂತ ಮೊದಲು ತಾವೇ ಅದನ್ನ ತಗೋಬಹುದು ಅಂತಿದ್ರು. ಟ್ಯಾಂಕರ್ ಬಂತು. ನಾನು ಬರೋವರೆಗೂ ಮುಟ್ಟಬೇಡಿ ಅಂತ ಕೂಗಿ ಓಡಿದ್ರು. ಸಂಪಿನ ಹತ್ರ ನಿಂತು ನೀರು ನೋಡದೆ ಈ ಕಿಟಕಿ ಕಡೇನೇ ನೋಡ್ತಿದ್ರು. ಅದನ್ನ ನಾನು ನನ್ನ ಬಾಲ್ಕನಿಯಿಂದ ಕಂಡೆ. ವಾಪಸ್ಸು ಬಂದು ಹುಡುಕಿದ್ರು. ಮೂಲೆ ಖಾಲಿ ಇತ್ತು. ಎರಡನೇ ಕೇಕನ್ನ ಆ ದಿನ ಅವರು ಬಾಯಿಗೇ ಹಾಕಲಿಲ್ಲ. ಆದ್ರೆ ಯಾವತ್ತೂ ಮುಟ್ಟಲ್ಲ ಅಂತಿದ್ದ ನಾಲ್ಕನೇ ಕೇಕಿನ ಒಳಗಿನ ತೇವ ಇವತ್ತಿಗೂ ಹಾಗೇ ಇದೆ ಅನ್ನೋದು ಅವರಿಗೆ ಗೊತ್ತಿತ್ತು."

ಅಮ್ಮ ಯಾರ ಹೆಸರನ್ನೂ ಹೇಳಲಿಲ್ಲ. ಹೇಳುವ ಅಗತ್ಯ ಯಾರಿಗೂ ಕಾಣಲಿಲ್ಲ. ಆದರೂ ಅವರು ಒಂದು ಕ್ಷಣ ಕಾದರು. ಎದ್ದು ನಿಲ್ಲುವ ಅವಕಾಶವನ್ನು ಆ ಮನುಷ್ಯನಿಗೇ ಬಿಟ್ಟರು.

ಸೇತುರಾಮರು ಎದ್ದರು. ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿದ್ದರು.

"ಬೇರೆ ಮೇಜು, ಬೇರೆ ಚಾಕು ಅಂತ ಭಾಷಣ ಮಾಡಿದೋನು ನಾನು," ಎಂದರು. "ಮಗುವಿನ ತುಟಿ ಊದಿದಾಗಲೇ ಗೊತ್ತಾಯ್ತು. ಬಾಯಿ ಬಿಡೋಕೆ ಆಗಲಿಲ್ಲ. ಈ ವಯಸ್ಸಿನಲ್ಲಿ, ಇಷ್ಟು ಜನರೆದುರು, ವಿಮಲಾ ಎದುರು... ಅವಳಿಗೆ ಹೇಗೆ ಮುಖ ತೋರಿಸಲಿ ಅಂತ."

ವಿಮಲಮ್ಮ ಕುಳಿತಲ್ಲಿಂದಲೇ ಮಾತಾಡಿದರು. ದನಿ ಎತ್ತರಿಸಲಿಲ್ಲ.

"ಪ್ರತಿ ಶನಿವಾರ ತರಕಾರಿ ತರ್ತೀನಿ ಅಂತ ಕನಕಪುರ ರಸ್ತೆಗೆ ಹೋಗ್ತೀರಿ. ಮಾರ್ಕೆಟ್ ಇರೋದು ಮನೆ ಪಕ್ಕದಲ್ಲೇ. ಬನಿಯನ್ ಒಗೆಯೋಳು ನಾನು. ಅದರ ಮೇಲೆ ಕೋಕೋ ಪುಡಿ ಎಲ್ಲಿಂದ ಬರುತ್ತೆ ಅಂತ ನನಗೆ ಗೊತ್ತಿಲ್ವೇನ್ರೀ? ಮೊಟ್ಟೆ ತಿಂದಿದ್ದಕ್ಕೆ ನಾನು ಒಂದು ದಿನಾನೂ ಏನೂ ಅನ್ನಲಿಲ್ಲ. ಆದ್ರೆ ಮೂರು ದಿನದಿಂದ ಆ ಹುಡುಗಿ ಅಳೋದನ್ನ ನೋಡ್ಕೊಂಡು ಸುಮ್ಮನಿದ್ರಲ್ಲ. ಅದಕ್ಕೇ ನನಗೆ ನಿಮ್ಮ ಮುಖ ನೋಡೋಕೆ ಕಷ್ಟ."

ಹೊಳೆಪ್ಪ ಕೈಯಲ್ಲಿದ್ದ ದುಪಟ್ಟಾವನ್ನು ಮಡಿಚಿಟ್ಟ.

ಸೇತುರಾಮರು ಶ್ವೇತಾಳ ಕಡೆಗೆ ತಿರುಗಿದರು. "ಶುಕ್ರವಾರ ನಾನು ಕೋರ್ಟಿಗೆ ಬರ್ತೀನಮ್ಮ. ಇಲ್ಲಿ ಹೇಳಿದ್ದನ್ನೆಲ್ಲ ಅಲ್ಲೂ ಹೇಳ್ತೀನಿ. ಒಂದಕ್ಷರ ಬಿಡಲ್ಲ."

ಶ್ವೇತಾ ಅವರನ್ನು ದಾಟಿ ನಡೆದಳು. ಅಮ್ಮನ ಹತ್ತಿರ ಬಂದು ನಿಂತಳು. "ಹಾಗಾದ್ರೆ ಚಾಕು, ಆಂಟಿ?"

"ಚಾಕು ಶುದ್ಧವಾಗಿತ್ತು," ಎಂದರು ಸಿದ್ದಗಂಗಮ್ಮನವರು. "ನಿನ್ನ ಕೈಯೂ."

ಆಗ ಅವಳು ಕೂತಳು. ಭಾನುವಾರದಿಂದ ನಿಂತೇ ಇದ್ದವಳಂತೆ ಕೂತಳು.

ಆ ರಾತ್ರಿ ಊಟಕ್ಕೆ ಕುಳಿತಾಗ ನನ್ನಿಂದ ತಡೆಯಲಾಗಲಿಲ್ಲ. "ಅಮ್ಮ, ಅಲ್ಲಿದ್ದವಳು ನಾನು. ಅವರು ತಟ್ಟೆ ಮುಂದೆ ಹುಡುಕ್ತಾ ನಿಂತಿದ್ದನ್ನ ನೋಡಿ ನಕ್ಕವಳೂ ನಾನೇ. ನಿಮಗೆ ಹೇಗೆ ಹೊಳೀತು?"

"ನೀನು ಅಧ್ಯಕ್ಷರನ್ನ ನೋಡಿದೆ. ನಾನು ಹಸಿದ ಮನುಷ್ಯನ್ನ ನೋಡಿದೆ," ಎಂದು ಅವರು ಮಜ್ಜಿಗೆ ಸುರಿದುಕೊಂಡರು. "ಉಪ್ಪು ಕೊಡು."

ಶುಕ್ರವಾರ ಸೇತುರಾಮರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ವಿಮಲಮ್ಮನನ್ನೂ ಕರೆದುಕೊಂಡು ನ್ಯಾಯಾಲಯಕ್ಕೆ ಹೋದರು. ನ್ಯಾಯಾಧೀಶರ ಮುಂದೆ ಅವರು ಹೇಳಿದ್ದನ್ನು ಕೇಳಿ ಎದುರಿನ ವಕೀಲರು ಕಡತ ಮುಚ್ಚಿಟ್ಟರಂತೆ. ಶರ್ವಾಣಿ ತಾಯಿಯ ಬಳಿಯೇ ಉಳಿದಳು.

ಹುಟ್ಟುಹಬ್ಬ ಆ ತಿಂಗಳ ಕೊನೆಯಲ್ಲಿ ನಡೆಯಿತು. ಗೋಡಂಬಿಯಿಲ್ಲದ ಎರಡು ಸೂಪರ್ ಮಾರ್ಕೆಟ್ ಕೇಕು, ಒಂದು ಮೊಟ್ಟೆಯದು, ಒಂದು ಮೊಟ್ಟೆಯಿಲ್ಲದ್ದು. ಎರಡರ ಡಬ್ಬಗಳನ್ನೂ ಭಾರ್ಗವಿಯೇ ಮೂರು ಸಲ ಓದಿ, "ನನ್ನ ಕೇಕಿನ ಮುಂದೆ ಇವೇನೂ ಅಲ್ಲ, ಆದ್ರೂ ತಿನ್ನಿ" ಎಂದು ಒಪ್ಪಿಗೆ ಕೊಟ್ಟಿದ್ದಳು. ಮೊಟ್ಟೆಯ ಕೇಕು ಎಂದಿನಂತೆ ಕಿಟಕಿಯ ಬಳಿಯ ಮೇಜಿನ ಮೇಲಿತ್ತು. ಸೇತುರಾಮರು ಬಾಗಿಲ ಬಳಿಯ ಕೊನೆಯ ಕುರ್ಚಿಯಲ್ಲಿ, ಯಾರ ಕಣ್ಣಿಗೂ ಬೀಳಬಾರದೆಂಬಂತೆ ಕುಳಿತಿದ್ದರು.

ಶರ್ವಾಣಿ ಕಿಟಕಿಯ ಮೇಜಿನ ಸುತ್ತ ಒಂದು ಸುತ್ತು ಬಂದಳು. ಬಗ್ಗಿ, ಕಣ್ಣನ್ನು ತಟ್ಟೆಯ ಮಟ್ಟಕ್ಕೆ ತಂದು, ಒಂದೊಂದೇ ತುಂಡನ್ನು ಅಳೆದು ನೋಡಿದಳು. ಒಂದನ್ನು ಕಾಗದದ ತಟ್ಟೆಗೆ ಹಾಕಿಕೊಂಡು, ಹಾಲಿನ ಉದ್ದಕ್ಕೂ ಎಲ್ಲರ ಮುಂದೆ ನಡೆದು ಬಂದು ಅವರ ಎದುರು ನಿಂತಳು.

"ತಗೊಳ್ಳಿ ತಾತ. ಇದೇ ಎಲ್ಲಕ್ಕಿಂತ ಎತ್ತರ ಇರೋದು."

ಸೇತುರಾಮರು ವಿಮಲಮ್ಮನ ಕಡೆ ನೋಡಿದರು. ಆಕೆ ಸೆರಗಿನಿಂದ ಒಂದು ಕರವಸ್ತ್ರ ತೆಗೆದು ಅವರ ಬಿಳಿ ಅಂಗಿಯ ಮೇಲೆ ಹರಡಿದರು.

"ನಿಧಾನವಾಗಿ ತಿನ್ನಿ," ಎಂದರು. "ಇವತ್ತು ಯಾರೂ ಬಾಗಿಲು ತಟ್ಟಲ್ಲ."